ಮಾಡಿದವನಿಂದಲೂ ತೆಗೆಯಲಾಗದ ಬೀಗ

ಈ ಕಥೆಯನ್ನು ಮೊದಲು ಹೇಳಿದವಳು ಪುರಸಭೆಯ ಈಜುಕೊಳದಲ್ಲಿ ಟವೆಲು ಕೊಡುವ ಹೆಂಗಸು. ಅವಳನ್ನು ಎಲ್ಲರೂ ಕರೆಯುವುದು ಟವೆಲಕ್ಕ ಎಂದೇ. ಹೇಳಿದ್ದು ಕಳೆದ ಬೇಸಿಗೆ ಮುಗಿಯುತ್ತ ಬಂದಾಗ, ತೊಳೆಯುವುದಕ್ಕೆಂದು ಕೊಳದ ನೀರನ್ನೆಲ್ಲ ಖಾಲಿ ಮಾಡಿದ್ದ ಒಂದು ಸಂಜೆ. ತಳವನ್ನು ಉಜ್ಜುತ್ತಿದ್ದ ಅವಳಿಗೆ ನೀರು ಹೋಗುವ ಜಾಲರಿಯಲ್ಲಿ ಹಿತ್ತಾಳೆಯ ಸಣ್ಣ ಕೀಲಿಯೊಂದು ಸಿಕ್ಕಿತು. ಅದನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, "ಅಂತೂ ಬಂದ್ಯಾ ಮಹರಾಯ್ತಿ!" ಎಂದಳು.

ಅಂದು ಈಜಲು ಬಂದು, ನೀರಿಲ್ಲದ ಕೊಳವನ್ನು ಕಂಡು, ಬಂದ ತಪ್ಪಿಗೆ ಸ್ವಲ್ಪ ಹೊತ್ತು ಕೂತಾದರೂ ಹೋಗೋಣವೆಂದು ಮೆಟ್ಟಿಲ ಮೇಲೆ ಕುಳಿತಿದ್ದವರು ಚಿನ್ನದಂಗಡಿಯವರು, ಔಷಧಿ ಅಂಗಡಿಯವರು, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ಮತ್ತೆ ಒಂದಷ್ಟು ಮಂದಿ. ಇವರೆಲ್ಲ ಕಥೆಯ ಹೊರಗೆ ಕುಳಿತು ಕೇಳಿದವರು ಮಾತ್ರವಲ್ಲ, ಕಥೆಯ ಒಳಗೂ ಇರುವವರು. ಆದ್ದರಿಂದಲೇ ಈ ಕಥೆಗೆ ಎರಡು ಪಾಠಾಂತರಗಳು ಏರ್ಪಟ್ಟಿವೆ. ಒಂದು, ಬೆನ್ನು ತಿರುಗಿಸಿ ನಿಂತವರ ಪಾಠ. ಅದರಲ್ಲಿ ಬರಿಯ ಸದ್ದುಗಳಿವೆ. ಇನ್ನೊಂದು ಟವೆಲಕ್ಕನ ಪಾಠ. ಇಲ್ಲಿ ಅನುಸರಿಸಿರುವುದು ಅದನ್ನೇ. ಬೆನ್ನನ್ನು ಏಕೆ ತಿರುಗಿಸಿದರೆಂಬುದು ಸಮಯ ಬಂದಾಗ ತಿಳಿಯುತ್ತದೆ.

ಪೇಟೆಬೀದಿಯ ತಿರುವಿನಲ್ಲಿ ಬೀಗ ಮಾಡಿ ಮಾರುವವನೊಬ್ಬನಿದ್ದ. ತಂದೆತಾಯಿ ಇಟ್ಟ ಹೆಸರು ಏನೋ ಇತ್ತು. ಊರು ಇಟ್ಟ ಹೆಸರು ಜಗ್ಗಣ್ಣ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವುದು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುವುದು, ಬೀದಿಯ ಕೊನೆ ಮುಟ್ಟಿದ ಮೇಲೆ ಎದೆ ಧಸಕ್ಕೆಂದು ಓಡಿ ಬಂದು ಇನ್ನೊಮ್ಮೆ ಜಗ್ಗುವುದು ಅವನ ಸ್ವಭಾವವಾಗಿತ್ತು. ತನ್ನ ಬೀಗವಾದರೇನು, ಪರರ ಬೀಗವಾದರೇನು, ಮುಚ್ಚಿದ ಅಂಗಡಿಗಳ ಮುಂದೆ ಹಾದುಹೋಗುವಾಗ ಅವನ ಕೈ ತಾನಾಗಿ ಮುಂದೆ ಚಾಚುತ್ತಿತ್ತು. ಊರಿಗೆ ಹೊಸಬನಾದ ಪೊಲೀಸನೊಬ್ಬ ಇದನ್ನು ಕಂಡು ಅವನ ಕೊರಳಪಟ್ಟಿ ಹಿಡಿದು ಠಾಣೆಗೆ ಎಳೆದೊಯ್ದಾಗ, ಅವನು ಲಾಕಪ್ಪಿನ ಬೀಗವನ್ನೂ ಜಗ್ಗಿ, "ಇದು ಸಡಿಲ ಆಗಿದೆ ಸಾರ್" ಎಂದು ಹೊಸದೊಂದನ್ನು ಮಾರಿ ಬಂದನೆಂಬ ಉಪಕಥೆಯೂ ಇದೆ. ಅದಕ್ಕೆ ಸಾಕ್ಷಿ ಸಿಕ್ಕಿಲ್ಲ, ಬೀಗವಂತೂ ಠಾಣೆಯಲ್ಲಿದೆ.

ಅಂಗಡಿಯ ಮೇಲೆ ಕೆಂಪಕ್ಷರದ ಫಲಕವಿತ್ತು: ‘ಮಾಡಿದವನಿಂದಲೂ ತೆಗೆಯಲಾಗದ ಬೀಗ’. ಈ ಒಂದು ಮಾತಿಗೆ ಊರು ಮರುಳಾಯಿತು. ಚಿನ್ನದಂಗಡಿಯ ಕಬ್ಬಿಣದ ಬಾಗಿಲು, ಔಷಧಿ ಅಂಗಡಿಯ ಕಪಾಟು, ಶಾಲೆಯ ಪ್ರಶ್ನೆಪತ್ರಿಕೆಯ ಪೆಟ್ಟಿಗೆ, ಕೊನೆಗೆ ಟವೆಲಕ್ಕನ ಸೋಪಿನ ಗೂಡು, ಎಲ್ಲದರ ಮೇಲೂ ಜಗ್ಗಣ್ಣನ ಕೈಯ ಹಿತ್ತಾಳೆಯ ಬೀಗವೇ ನೇತಾಡಿತು.

ಹೀಗೆ ಅರ್ಧ ಊರಿಗೆ ಬೀಗ ಹಾಕಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನ ಸ್ವಂತ ಅಂಗಡಿಯ ಕೀಲಿ ಬೀಗದೊಳಗೇ ಮುರಿಯಿತು. ಹೊಟ್ಟೆ ಹಸಿದಿತ್ತು. ಸಿಟ್ಟು ನೆತ್ತಿಗೇರಿ, ಎಡಗೈಯಲ್ಲಿ ಬೀಗವನ್ನು ಕೆಳಕ್ಕೆ ಜಗ್ಗಿ ಹಿಡಿದು, ಬಲಗೈಯಲ್ಲಿದ್ದ ಊಟದ ಡಬ್ಬಿಯಿಂದ ಅದರ ಪಕ್ಕೆಗೆ ಒಂದು ಬಿಟ್ಟ. ಟಕ್! ಬೀಗ ಬಾಯ್ತೆರೆಯಿತು. ಜಗ್ಗಣ್ಣನ ಬಾಯಿಯೂ ತೆರೆಯಿತು. ಅವನು ಬೀದಿಯ ಆ ಕಡೆ ಈ ಕಡೆ ನೋಡಿ, ಬೀಗವನ್ನು ಮತ್ತೆ ಒತ್ತಿ ಹಾಕಿ, ಮತ್ತೆ ಜಗ್ಗಿ, ಮತ್ತೆ ಬಡಿದ. ಟಕ್! ಅಂದು ಡಬ್ಬಿಯಲ್ಲಿದ್ದ ಊಟವನ್ನು ಅವನು ತಿನ್ನಲಿಲ್ಲ.

ಅಂದಿನಿಂದ ಊರಿನಲ್ಲಿ ಯಾರಾದರೂ ಯಾವುದಕ್ಕಾದರೂ ಏನನ್ನಾದರೂ ಬಡಿದರೆ ಸಾಕು, ಜಗ್ಗಣ್ಣನ ಜೀವ ಬಾಯಿಗೆ ಬರುತ್ತಿತ್ತು. ಬಡಗಿ ಮೊಳೆ ಹೊಡೆದರೆ ಬೆವರು, ಪಕ್ಕದ ಮನೆಯವರು ಹಾಸಿಗೆ ಕೊಡವಿದರೆ ನಡುಕ. ಬೀಗಗಳನ್ನು ಒಂದೊಂದಾಗಿ ಹಿಂದಕ್ಕೆ ತರಿಸಿ, ಒಳಗೆ ಒಂದು ಸಣ್ಣ ಸ್ಪ್ರಿಂಗು ಸೇರಿಸಿಬಿಟ್ಟರೆ ದೋಷ ಹೋಗುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೆ ಏನೆಂದು ಹೇಳಿ ತರಿಸುವುದು? ಯೋಚಿಸುತ್ತಲೇ ಕಾಲ ಹೋಯಿತು.

ಇಂಥ ಹೊತ್ತಿನಲ್ಲಿ ಅತ್ತೆಯ ಮನೆಯ ಊಟದಲ್ಲಿ ಮೂರಾಟದ ಮಾತು ಬಂತು. ಹೊರದೇಶದವರು ಟ್ರಯಥ್ಲಾನ್ ಎನ್ನುವ ಆ ಪಂದ್ಯವನ್ನು ಪುರಸಭೆಯವರು ಚಿಕ್ಕದು ಮಾಡಿ ಇಟ್ಟುಕೊಂಡಿದ್ದರು. ಮೊದಲು ಕೊಳದಲ್ಲಿ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಊರು ಸುತ್ತಬೇಕು, ಸೈಕಲ್ ಇಳಿದವನು ಉಸಿರು ತೆಗೆದುಕೊಳ್ಳದೆ ಓಡಬೇಕು. ಜಗ್ಗಣ್ಣನ ನಾದಿನಿಯ ಗಂಡ, ಎಂದರೆ ಅವನ ಷಡ್ಡಕ, ವಿಮೆ ಮಾಡಿಸುವ ಉದ್ಯೋಗದವನು. ತಾನು ಹೆಸರು ಕೊಟ್ಟಿರುವುದಾಗಿ ಅವನು ಹೇಳಿದಾಗ ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ನಮ್ಮ ಚಿಕ್ಕ ಅಳಿಯಂದ್ರು ಯಾವುದಕ್ಕೂ ಹಿಂದೆ ಬಿದ್ದವರಲ್ಲ" ಎಂದರು. ಆಮೇಲೆ ಜಗ್ಗಣ್ಣನ ಕಡೆ ತಿರುಗಿ, "ದೊಡ್ಡ ಅಳಿಯಂದ್ರಿಗೆ ಬಿಡಿ, ಬಾಗಿಲು ಹಾಕಿದೆಯಾ ಅಂತ ನೋಡೋಕೇ ಹೊತ್ತು ಸಾಲಲ್ಲ" ಎಂದರು.

"ಅದೇನು ಮಹಾ!" ಎಂದುಬಿಟ್ಟ ಜಗ್ಗಣ್ಣ. "ನಾನೂ ಹೆಸರು ಕೊಟ್ಟಿದೀನಿ."

ಕೊಟ್ಟಿರಲಿಲ್ಲ. ಮರುದಿನ ಹೋಗಿ ಕೊಟ್ಟ.

"ಅಣ್ಣಾ, ನಿಮ್ಮ ವಯಸ್ಸಿಗೆ ಎದೆ ಒಮ್ಮೆ ತೋರಿಸ್ಕೊಳ್ಳಿ" ಎಂದ ಷಡ್ಡಕ, ಅಂದಿನ ಊಟದಲ್ಲೇ. "ಏನಾದ್ರೂ ಆದ್ರೆ?"

"ಏನೂ ಆಗಲ್ಲ" ಎಂದಳು ಹೆಂಡತಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ. "ಕೊಳದವರೆಗೆ ಹೋಗಿ, ಮನೆಗೆ ಬೀಗ ಹಾಕಿದೀನಾ ಅಂತ ವಾಪಸ್ ಬರ್ತಾರೆ. ಅಲ್ಲಿಗೆ ಪಂದ್ಯ ಮುಗೀತು."

ಅವನು ಅಭ್ಯಾಸ ಮಾಡಿದ್ದನ್ನು ಕಂಡವಳು ಟವೆಲಕ್ಕ. ಅವನಿಗೆ ಈಜು ಬರುತ್ತಿತ್ತು, ಆದರೆ ತಲೆಯನ್ನು ನೀರಿಗೆ ತಗ್ಗಿಸುತ್ತಿರಲಿಲ್ಲ. ಆಮೆಯಂತೆ ಕತ್ತು ಎತ್ತಿಕೊಂಡೇ ಹೋಗುತ್ತಿದ್ದ. ಏಕೆಂದು ಕೇಳಿದರೆ, "ತಲೆ ತಗ್ಗಿಸಿದ್ರೆ ಬಟ್ಟೆ ಇಟ್ಟ ಪೆಟ್ಟಿಗೆ ಕಾಣಲ್ಲವಲ್ಲಕ್ಕ" ಎನ್ನುತ್ತಿದ್ದ.

ಪಂದ್ಯದ ಬೆಳಗ್ಗೆ ಕೊಳದ ಮುಂದಿನ ಅಂಗಳದಲ್ಲಿ ಎರಡು ಉದ್ದನೆಯ ಕಬ್ಬಿಣದ ಕಂಬಿಗಳು ಸೈಕಲ್ಲುಗಳನ್ನು ಒರಗಿಸುವುದಕ್ಕೆ ಸಿದ್ಧವಾಗಿದ್ದವು. ಮುಂದಿನ ಕಂಬಿ ಹೊರ ಊರುಗಳಿಂದ ಬಂದವರಿಗೆ. ಹಿಂದಿನ ಕಂಬಿ ಊರವರಿಗೆ. ಊರವರ ಕಂಬಿಗೆ ಷಡ್ಡಕನ ಸೈಕಲ್, ಅದರ ಪಕ್ಕ ಜಗ್ಗಣ್ಣನದು, ಆಚೆ ಮುಖ್ಯೋಪಾಧ್ಯಾಯಿನಿಯದು, ಅದರಾಚೆ ಔಷಧಿ ಅಂಗಡಿಯವರದು, ಹೀಗೆ ಸಾಲು ಬೆಳೆದಿತ್ತು. ಚಿನ್ನದಂಗಡಿಯವರು ತಮ್ಮ ತೂಕವನ್ನು ಗೌರವಿಸಿ ಪಂದ್ಯಕ್ಕೆ ಇಳಿಯದೆ, ಹಗ್ಗದ ಆಚೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮೇಲ್ವಿಚಾರಕರು ಕೊರಳಲ್ಲಿ ಸೀಟಿ ಕಟ್ಟಿಕೊಂಡು ನಿಯಮ ಸಾರುತ್ತಿದ್ದರು. ಅವರನ್ನು ಸೀಟಿ ಸಾಹೇಬರೆಂದು ಕರೆದರೆ ಸಾಕು.

"ಹೊರಗಿನವರ ಸಹಾಯ ನಿಷಿದ್ಧ! ಯಾರಾದ್ರೂ ಪಕ್ಕದಿಂದ ಒಂದು ಕೈ ಹಚ್ಚಿದ್ರೋ, ಆ ಸ್ಪರ್ಧಿ ಹೊರಗೆ!"

ಜಗ್ಗಣ್ಣ ಇದೊಂದನ್ನೂ ಕೇಳುತ್ತಿರಲಿಲ್ಲ. ಅವನು ಸೈಕಲ್ಲುಗಳನ್ನೇ ನೋಡುತ್ತಿದ್ದ. ಒಂದಕ್ಕೂ ಬೀಗವಿಲ್ಲ! ಸೈಕಲ್ಲಿನ ಒಡೆಯರೆಲ್ಲ ಚಡ್ಡಿ ತೊಟ್ಟು ನೀರಿಗೆ ಇಳಿಯುತ್ತಾರೆ. ಬಟಾಬಯಲಿನಲ್ಲಿ ಇಷ್ಟೊಂದು ಸೈಕಲ್ಲುಗಳು. ಸುತ್ತ ಇಷ್ಟೊಂದು ಜನ.

ಅಷ್ಟರಲ್ಲಿ ಔಷಧಿ ಅಂಗಡಿಯವರು ಸುಮ್ಮನಿರದೆ, "ಏನ್ ಜಗ್ಗಣ್ಣ, ಊರಿಗೆಲ್ಲ ಬೀಗ ಹಾಕಿ ನಿಮ್ಮ ಸೈಕಲ್ಲಿಗೇ ಇಲ್ವಾ?" ಎಂದರು.

ಬೇಕಾದ್ದು ಅಷ್ಟೇ. ಜಗ್ಗಣ್ಣ ಅಂಗಡಿಗೆ ಓಡಿ, ಇದ್ದುದರಲ್ಲಿ ಅತಿ ಉದ್ದದ ಸರಪಳಿಯನ್ನೂ ಇನ್ನೂ ಸ್ಪ್ರಿಂಗು ಕಾಣದ ಹೊಚ್ಚ ಹೊಸ ಬೀಗವನ್ನೂ ತಂದ. ಸೈಕಲ್ಲಿನ ಚಕ್ರದೊಳಗಿಂದ ಕಂಬಿಗೆ ಸುತ್ತುವುದನ್ನು ಕಂಡು ಮುಖ್ಯೋಪಾಧ್ಯಾಯಿನಿ, "ಹೇಗೂ ಸರಪಳಿ ಮಿಕ್ಕಿದೆಯಲ್ಲ, ನನ್ನದಕ್ಕೂ ಒಂದು ಸುತ್ತು ಹಾಕಿಬಿಡಿ" ಎಂದರು. ಔಷಧಿ ಅಂಗಡಿಯವರು, "ನಂದೇನು ಪಾಪ ಮಾಡಿದೆ?" ಎಂದರು. ಷಡ್ಡಕನ ಸೈಕಲ್ ಅವನ ಮೇಲಧಿಕಾರಿಯಿಂದ ಬೇಡಿ ತಂದದ್ದು, "ಏನಾದ್ರೂ ಆದ್ರೆ?" ಎಂದು ಅವನೂ ಚಕ್ರವನ್ನು ಮುಂದೆ ತಳ್ಳಿದ. ಸಾಲಿಗೆ ಸಾಲೇ ಸರಪಳಿಯೊಳಗೆ ಬಂತು. ಜಗ್ಗಣ್ಣ ಬೀಗ ಒತ್ತಿ, ಜಗ್ಗಿ, ನಾಲ್ಕು ಹೆಜ್ಜೆ ಹೋಗಿ ಬಂದು ಮತ್ತೆ ಜಗ್ಗಿ, ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡ. ಎಲ್ಲರೂ ನಿಶ್ಚಿಂತೆಯಿಂದ ನೀರಿನ ಕಡೆ ನಡೆದರು. ಓದಿದವರು, ವ್ಯಾಪಾರಸ್ಥರು, ವಿಮೆಯವನು, ಇಷ್ಟು ಜನರಲ್ಲಿ ಒಬ್ಬರಿಗೂ ಒಂದು ಪ್ರಶ್ನೆ ಹೊಳೆಯಲಿಲ್ಲ: ಕೀಲಿ ಇರುವವನು ನೀರಿನಿಂದ ಎಲ್ಲರಿಗಿಂತ ಕೊನೆಗೆ ಬಂದರೆ?

ಸೀಟಿ ಊದಿತು. ನೀರು ಕಲಕಿತು. ಯಾರ ಕಾಲೋ ಜಗ್ಗಣ್ಣನ ಕೆನ್ನೆಗೆ, ಯಾರ ಮೊಣಕೈಯೋ ಅವನ ಪಕ್ಕೆಗೆ. ಮೂಗಿನಲ್ಲಿ ನೀರು ಹೋಯಿತು, ಕಿವಿಯಲ್ಲಿ ನೀರು ಹೋಯಿತು. ಆದರೂ ಅವನು ಕತ್ತು ಎತ್ತಿಕೊಂಡು, ಅಂಗಳದ ಕಡೆ ಒಂದು ಕಣ್ಣಿಟ್ಟು, ತನ್ನ ಪಾಡಿಗೆ ತಾನು ಸಾಗುತ್ತಿದ್ದ. ಸುತ್ತಲಿನ ಗದ್ದಲ ಕ್ರಮೇಣ ಕಡಿಮೆಯಾಯಿತು. ಕೊಳದಲ್ಲಿ ಜಾಗ ಧಾರಾಳವಾಯಿತು. ಎಲ್ಲರೂ ಎದ್ದು ಹೋದರೇನೋ, ತಾನೊಬ್ಬನೇ ಉಳಿದೆನೇನೋ ಎಂದು ಎದೆ ಡವಗುಟ್ಟುವಾಗ ಅವನಿಗೊಂದು ದೃಶ್ಯ ಕಂಡಿತು.

ದಡದ ತುಂಬ ಜನ! ಮುಖ್ಯೋಪಾಧ್ಯಾಯಿನಿ, ಔಷಧಿ ಅಂಗಡಿಯವರು, ಊರ ಸಾಲಿನ ಸಮಸ್ತರೂ ನೀರು ಸುರಿಸುತ್ತ ನಿಂತು, ಎರಡೂ ಕೈ ಬೀಸುತ್ತ, ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ: "ಬನ್ನಿ ಜಗ್ಗಣ್ಣ! ಬನ್ನಿ! ಬೇಗ ಬನ್ನಿ!" ಎಲ್ಲರಿಗಿಂತ ಮುಂದೆ ಷಡ್ಡಕ! "ಅಣ್ಣಾ, ಕೈ ಹಾಕಿ! ಕಾಲು ಬಡೀರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ!"

ಜಗ್ಗಣ್ಣನ ಕಣ್ಣು ತುಂಬಿ ಬಂತು. ಇಷ್ಟು ಕಾಲ ಇವನನ್ನು ತಪ್ಪು ತಿಳಿದೆನಲ್ಲ! ತಮ್ಮ ಪಂದ್ಯ ಬಿಟ್ಟು ನನಗಾಗಿ ನಿಂತಿದ್ದಾರಲ್ಲ! ಇಂಥ ಜನರಿಗೆ ಎಂಥ ಬೀಗ ಮಾರಿದೆನಲ್ಲ! ಈಜುವುದನ್ನು ನಿಲ್ಲಿಸಿ, ಒಂದು ಕೈ ಮೇಲೆತ್ತಿ, ಅವರಿಗೆಲ್ಲ ನಮಸ್ಕಾರ ಮಾಡುವಂತೆ ಬೀಸಿದ.

"ಬೀಸಬೇಡ್ರೀ! ಈಜ್ರೀ!" ಎಂದು ಕಿರುಚಿದರು ಮುಖ್ಯೋಪಾಧ್ಯಾಯಿನಿ.

ಅವನು ದಡ ಮುಟ್ಟಿದೊಡನೆ ಹತ್ತಾರು ಕೈಗಳು ಚಾಚಿದವು. ಎತ್ತುವುದಕ್ಕೆಂದು ಅವನು ತಿಳಿದ. ಅವು ನೇರವಾಗಿ ಕೊರಳಿಗೆ ಹೋದವು. ಕೊರಳಲ್ಲಿ ದಾರವಿತ್ತು, ತುದಿ ಹರಿದ ದಾರ. ಕೀಲಿಯಿರಲಿಲ್ಲ.

ಎಲ್ಲರೂ ಒಟ್ಟಿಗೆ ಮಾತನಾಡಿದರು. ಕೆಲವರು ಮತ್ತೆ ನೀರಿಗೆ ಹಾರಿ ತಳ ತಡಕಿದರು. ಒಬ್ಬರಿಗೆ ಹೇರ್‌ಪಿನ್ನು ಸಿಕ್ಕಿತು, ಇನ್ನೊಬ್ಬರಿಗೆ ಯಾರದೋ ಕಟ್ಟಿಸಿದ ಹಲ್ಲು ಸಿಕ್ಕಿತು. ಕೀಲಿ ಸಿಗಲಿಲ್ಲ. ಅಷ್ಟರಲ್ಲಿ ಮುಂದಿನ ಕಂಬಿಯ ಸೈಕಲ್ಲುಗಳೆಲ್ಲ ಹೊರಟುಹೋಗಿ, ಹಿಂದಿನ ಕಂಬಿಯವು ಮಾತ್ರ ಜೈಲಿನ ಸಾಲಿನಂತೆ ನಿಂತಿದ್ದವು.

"ಗರಗಸ ತನ್ನಿ!" ಎಂದ ಷಡ್ಡಕ.

"ನಿಷಿದ್ಧ!" ಎಂದರು ಸೀಟಿ ಸಾಹೇಬರು. "ಹೊರಗಿನ ಸಲಕರಣೆ, ಹೊರಗಿನ ಕೈ, ಎರಡೂ ನಿಷಿದ್ಧ. ಸ್ಪರ್ಧಿ ತನ್ನ ಹತ್ರ ಇರೋದ್ರಲ್ಲೇ ಬಿಡಿಸ್ಕೋಬೇಕು."

"ಏನ್ ಸಾರ್, ಇಡೀ ಸಾಲು ಸಿಕ್ಕೊಂಡಿದೆ!"

"ಸಾಲಿಗೆ ಬೀಗ ಹಾಕಿ ಅಂತ ನಿಯಮದಲ್ಲಿ ನಾವೇನಾದ್ರೂ ಹೇಳಿದ್ವಾ?"

ಎಲ್ಲರೂ ಜಗ್ಗಣ್ಣನ ಕಡೆ ತಿರುಗಿದರು. ಅವನು ತೊಟ್ಟಿಕ್ಕುತ್ತ ಬೀಗದ ಮುಂದೆ ನಿಂತಿದ್ದ. ಸೈಕಲ್ಲಿಗೆ ಸಿಕ್ಕಿಸಿದ್ದ ಗಾಳಿ ಹೊಡೆಯುವ ಪಂಪು ಅವನ ಕೈಗೆ ಎಟುಕುವಂತಿತ್ತು. ಜಗ್ಗಿ ಹಿಡಿದು ಅದರಿಂದ ಒಂದು ಏಟು ಸಾಕು. ಆದರೆ ಹಗ್ಗದ ಆಚೆ ಅವನ ಗಿರಾಕಿಗಳು ಒಬ್ಬರೂ ಬಿಡದೆ ನೆರೆದಿದ್ದರು, ಚಿನ್ನದಂಗಡಿಯವರಂತೂ ಕುರ್ಚಿಯಿಂದ ಎದ್ದು ಮುಂದೆ ಬಂದಿದ್ದರು.

"ಅಯ್ಯೋ, ಅವರನ್ನ ಯಾಕೆ ಪೀಡಿಸ್ತೀರಿ?" ಎಂದರು ಔಷಧಿ ಅಂಗಡಿಯವರು, ತಮ್ಮ ಪಂದ್ಯ ಹಾಳಾದರೂ ಕೊಂಡ ಮಾಲಿನ ಬಗ್ಗೆ ಹೆಮ್ಮೆಯಿಂದ. "ಮಾಡಿದವನಿಂದಲೂ ಆಗಲ್ಲ. ಬೋರ್ಡಲ್ಲೇ ಇದೆಯಲ್ಲ."

"ಆಗಬಾರದು ಕೂಡ" ಎಂದರು ಚಿನ್ನದಂಗಡಿಯವರು, ನಿಧಾನವಾಗಿ. "ಈಗ ನನ್ನ ಅಂಗಡಿ ಬಾಗಿಲಿಗೆ ಅದೇ ಬೀಗ ಹಾಕಿ ಬಂದು ಇಲ್ಲಿ ಕೂತಿದೀನಿ. ಜಗ್ಗಣ್ಣ, ನೀವು ಇದನ್ನ ಕೀಲಿ ಇಲ್ಲದೆ ತೆಗೆದ್ರೆ, ನಾನು ಏನು ತಿಳ್ಕೋಬೇಕು ಹೇಳಿ?"

ತೆಗೆದರೆ ಅಂಗಡಿ ಹೋಗುತ್ತದೆ. ತೆಗೆಯದಿದ್ದರೆ ಇಡೀ ಸಾಲಿನ ಪಂದ್ಯ ಹೋಗುತ್ತದೆ, ಮಾನ ಹೋಗುತ್ತದೆ, ಅತ್ತೆಯ ಮನೆಯ ಊಟ ಜನ್ಮವಿಡೀ ಗಂಟಲಲ್ಲಿ ಸಿಕ್ಕುತ್ತದೆ. ಜಗ್ಗಣ್ಣನ ಹಲ್ಲು ಕಟಕಟ ಎಂದಿತು. ನೋಡಿದವರು ಚಳಿ ಎಂದುಕೊಂಡರು.

ಆಗ ಹೆಂಡತಿ ಹಗ್ಗದ ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಂತೆ, "ರೀ, ಪಕ್ಕೆಗೆ ಒಂದು ಕೊಟ್ಟು ಮುಗಿಸಬಾರದಾ?" ಎಂದಳು.

ಅವನು ಥಟ್ಟನೆ ತಿರುಗಿದ. "ನಿನಗೆ… ನಿನಗೆ ಹೇಗೆ ಗೊತ್ತು?"

"ಉಗ್ರಾಣದ ಕೀಲಿ ಕಳೆದು ಎಷ್ಟು ವರ್ಷ ಆಯ್ತು? ಸಕ್ಕರೆ ಡಬ್ಬಿ ನಾನು ಹೇಗೆ ತೆಗೀತಿದೀನಿ ಅಂದ್ಕೊಂಡ್ರಿ? ಲಟ್ಟಣಿಗೆ ಇದೆಯಲ್ಲ."

"ಯಾರಿಗಾದ್ರೂ ಹೇಳಿದ್ಯಾ?"

"ಹೇಳೋ ಹಾಗಿದ್ರೆ ನೀವು ಇಷ್ಟು ಹೊತ್ತು ಇಲ್ಲಿ ನಿಂತಿರ್ತಿದ್ರಾ?" ಎಂದು ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು.

ಗಾಬರಿಯ ತುತ್ತತುದಿಯಲ್ಲಿ ಕೆಲವರಿಗೆ ಬುದ್ಧಿ ಕೆಡುತ್ತದೆ, ಕೆಲವರಿಗೆ ಹುಟ್ಟುತ್ತದೆ. ಜಗ್ಗಣ್ಣನಿಗೆ ಎರಡೂ ಒಟ್ಟಿಗೆ ಆದವು. ಅವನು ಕಂಬಿಯ ಬುಡದಲ್ಲಿದ್ದ ಕಲ್ಲಿನ ಮೇಲೆ ಹತ್ತಿ ನಿಂತು ಕೈ ಎತ್ತಿದ.

"ಮಹಾಜನರೇ! ಇದಕ್ಕೊಂದು ಉಪಾಯ ಉಂಟು. ಮನುಷ್ಯಮಾತ್ರದವರಿಗೆ ಆಗೋ ಕೆಲಸ ಅಲ್ಲ. ನಾನೂ ಇದುವರೆಗೆ ಮಾಡಿದವನಲ್ಲ, ಬದುಕಿ ಉಳೀತೀನೋ ಗೊತ್ತಿಲ್ಲ. ಆದ್ರೆ ಒಂದು ಮಾತು. ಇದನ್ನ ಒಬ್ಬರು ನೋಡಿದ್ರೂ ಊರಿನ ಬೀಗಗಳ ಗತಿ ಮುಗೀತು. ಎಲ್ಲರೂ ಬೆನ್ನು ತಿರುಗಿಸಿ!"

ಊರು ಕೇಳಿತೆ? ಕೇಳಿದ್ದು ಮಾತ್ರವಲ್ಲ, ಆವೇಶದಿಂದ ಪಾಲಿಸಿತು. ಏಕೆಂದರೆ ಅಲ್ಲಿದ್ದ ಒಬ್ಬೊಬ್ಬನೂ ತನ್ನನ್ನು ಬಿಟ್ಟು ಉಳಿದವರೆಲ್ಲರೂ ಕಳ್ಳರಾಗಬಹುದೆಂದು ಆ ಕ್ಷಣದಲ್ಲಿ ಕಂಡುಕೊಂಡ.

"ತಿರುಗ್ರೀ! ಏನ್ ನೋಡ್ತೀರಿ?"

"ನೀವು ತಿರುಗಿ ಮೊದ್ಲು! ನಿಮ್ಮ ಕಣ್ಣು ಅರ್ಧ ತೆರೆದಿದೆ."

"ತೆರೆದಿದೆ ಅಂತ ನಿಮಗೆ ಹೇಗೆ ಕಾಣ್ತು? ನೀವು ತಿರುಗಿಲ್ಲ ಅಂತ ಆಯ್ತಲ್ಲ!"

ಚಿನ್ನದಂಗಡಿಯವರು ತಮ್ಮ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಉಳಿದವರ ಕಣ್ಣು ಮುಚ್ಚಿದೆಯೇ ಎಂದು ಸಾಲಿನುದ್ದಕ್ಕೂ ತಡವರಿಸುತ್ತ ಹೋಗಿ, ಔಷಧಿ ಅಂಗಡಿಯವರ ಮೂಗಿಗೆ ಬೆರಳು ಚುಚ್ಚಿದರು. ಪಂದ್ಯ ನೋಡಲು ಬಂದಿದ್ದ ಅತ್ತೆ ಚಿಕ್ಕ ಅಳಿಯನ ತಲೆಯನ್ನು ಎರಡೂ ಕೈಯಿಂದ ಹಿಡಿದು ಆಚೆ ತಿರುಗಿಸಿದರು. ಪಂದ್ಯದ ಬಹುಮಾನದ ಕಪಾಟಿಗೂ ಅದೇ ಬೀಗವಿದ್ದುದರಿಂದ ಸೀಟಿ ಸಾಹೇಬರು, "ಇದು ನಿಯಮಕ್ಕೆ ವಿರುದ್ಧವಲ್ಲ" ಎಂದು ಘೋಷಿಸಿ, ಒಂದು ಸೀಟಿ ಊದಿ, ತಾವೂ ತಿರುಗಿದರು. ಟವೆಲು ಕೋಣೆಯ ಕಿಟಕಿಯಲ್ಲಿ ನಿಂತಿದ್ದ ಟವೆಲಕ್ಕ ಕೂಡ ಪ್ರಾಮಾಣಿಕವಾಗಿ ಬೆನ್ನು ತಿರುಗಿಸಿದಳು. ಅವಳು ತಿರುಗಿದ ಕಡೆ ಗೋಡೆಯ ಮೇಲೆ, ಈಜಿ ಬಂದವರು ತಲೆ ಬಾಚಿಕೊಳ್ಳುವುದಕ್ಕೆಂದು ಪುರಸಭೆಯವರು ಹಾಕಿಸಿದ್ದ ದೊಡ್ಡ ಕನ್ನಡಿಯಿತ್ತು.

ಜಗ್ಗಣ್ಣ ಪಂಪನ್ನು ತೆಗೆದುಕೊಂಡ. ಬೀಗವನ್ನು ಜಗ್ಗಿ ಹಿಡಿದ. ಕೊಟ್ಟ ಒಂದು.

ಟಕ್.

ಬೀಗ ಕೈಗೆ ಬಂತು. ಅವನು ಬಾಯಿ ತೆರೆದ, ‘ಆಯ್ತು’ ಎನ್ನಲು. ಹಾಗೆಯೇ ಮುಚ್ಚಿದ.

ಸೀಟಿಯ ಸದ್ದೇ ಇನ್ನೂ ಅಂಗಳದಲ್ಲಿ ಅಡಗಿರಲಿಲ್ಲ! ಈಗ ‘ಆಯ್ತು’ ಎಂದರೆ, ಒಂದು ಸೀನಿನಷ್ಟು ಹೊತ್ತಿನಲ್ಲಿ ತೆರೆಯುವ ಬೀಗ ಇದೆಂದು ಕಣ್ಣು ಮುಚ್ಚಿದವರಿಗೂ ಗೊತ್ತಾಗಿಬಿಡುತ್ತದೆ. ಜಗ್ಗಣ್ಣ ತೆರೆದ ಬೀಗವನ್ನು ಎದೆಗವಚಿಕೊಂಡು ನಿಂತ. ಎದುರಿಗೆ ಬಿಡುಗಡೆಯಾದ ಸೈಕಲ್; ಅದರ ಮುಂದೆ ತೆರವಾದ ರಸ್ತೆ. ಸುತ್ತ ಒದ್ದೆ ಬೆನ್ನುಗಳು.

ಅವನು ಒಂದು ನಿಟ್ಟುಸಿರು ಬಿಟ್ಟ. ಆಮೇಲೆ, "ಅಯ್ಯಯ್ಯೋ!" ಎಂದು ನರಳಿದ.

ಬೆನ್ನು ತಿರುಗಿಸಿ ನಿಂತವರ ಪಾಠದಲ್ಲಿ ಮುಂದಿನ ಭಾಗ ಅತಿ ರೋಮಾಂಚಕವಾಗಿದೆ. ಮೊದಲು ಸರಪಳಿ ಎಳೆದಾಡಿದ ಸದ್ದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ನಡುವೆ ಏದುಸಿರು, ಹಲ್ಲು ಕಡಿತ, ಏನೋ ಹರಿದ ಸದ್ದು. ಕನ್ನಡಿಯಲ್ಲಿ ಕಂಡದ್ದು ಇಷ್ಟು: ಜಗ್ಗಣ್ಣ ಒಂದು ಕೈಯಲ್ಲಿ ಸರಪಳಿಯನ್ನು ಅಲ್ಲಾಡಿಸುತ್ತ, ಇನ್ನೊಂದು ಕೈಯಲ್ಲಿ ಪಂಪಿನಿಂದ ಕಂಬಿಯನ್ನು ಬಡಿಯುತ್ತ, ಆಗಾಗ ಬೇಲಿಯ ಆಚೆ ರಸ್ತೆಯನ್ನು ಕಣ್ಣೀರು ತುಂಬಿ ನೋಡುತ್ತಿದ್ದ. ಹರಿದದ್ದು ಅವನದೇ ಟವೆಲು, ಬೇಕೆಂದೇ ಹರಿದ.

"ಅಣ್ಣಾ, ಆಯ್ತಾ?" ಎಂದ ಷಡ್ಡಕ, ತಿರುಗದೆ, ಕುಣಿಯುತ್ತ.

"ಇನ್ನೂ… ಮೊದಲನೇ… ಹಂತ!"

"ಒಟ್ಟು ಎಷ್ಟು ಹಂತ?"

"ಮಾತಾಡಿಸಬೇಡ! ಪ್ರಾಣಕ್ಕೆ ಬರತ್ತೆ!"

ಹೊರ ಊರಿನವರಲ್ಲಿ ಮುಂದಿದ್ದವರು ಊರು ಸುತ್ತಿ ಸೈಕಲ್ ಇಳಿಯಲು ಅಂಗಳಕ್ಕೆ ಬಂದರು. ಒಂದು ಊರಿಗೆ ಊರೇ ಕಣ್ಣು ಮುಚ್ಚಿ ಬೆನ್ನು ತಿರುಗಿಸಿ ನಿಂತಿರುವುದನ್ನು, ನಡುವೆ ಒಬ್ಬ ಚಡ್ಡಿಯವನು ಕಂಬಿಯನ್ನು ಬಡಿಯುತ್ತ ಅಳುತ್ತಿರುವುದನ್ನು ಕಂಡು, ಏನನ್ನೂ ಕೇಳದೆ ಹೆದರಿ ಓಡಿದರು. ಇನ್ನು ಸಾಕೆಂದು ಜಗ್ಗಣ್ಣನಿಗೆ ಆಗ ಧೈರ್ಯ ಬಂತು. ಬೀಗವನ್ನು ದೂರಕ್ಕೆ ಎಸೆದು, "ತೆರೀತು!" ಎಂದು ಕೂಗಿ ನೆಲಕ್ಕೆ ಬಿದ್ದ. ಅಷ್ಟು ಹೊತ್ತಿಗೆ ಅವನು ನಿಜವಾಗಿಯೇ ಸುಸ್ತಾಗಿದ್ದ.

ಚಪ್ಪಾಳೆ ಮುಗಿಲು ಮುಟ್ಟಿತು. ಸಾಲಿನವರು ಸೈಕಲ್ಲುಗಳನ್ನು ಎಳೆದುಕೊಂಡು ಚದುರಿದರು. ಎಲ್ಲರಿಗಿಂತ ಕೊನೆಗೆ ಹೊರಟವನು ಜಗ್ಗಣ್ಣ. ಅವನೂ ಗೇಟಿನವರೆಗೆ ಹೋಗಿ, ಎದೆ ಧಸಕ್ಕೆಂದು, ಇಳಿದು ಬಂದು, ಬೀಗವನ್ನು ಹುಡುಕಿ, ಬರಿಗಂಬಿಗೆ ಸರಪಳಿ ಸುತ್ತಿ ಬೀಗ ಒತ್ತಿ ಜಗ್ಗಿ ನೋಡಿ ಮತ್ತೆ ಹೊರಟ. ಆ ಸರಪಳಿ ಅಂದಿನಿಂದ ಅಲ್ಲೇ ಉಳಿಯಿತು.

ಅವನು ಓಟವನ್ನೂ ಮುಗಿಸಿದ. ಹಗ್ಗ ಸುತ್ತುವ ಹೊತ್ತಿಗೆ ಬಂದರೂ ಜನ ಕಾದಿದ್ದು ಅವನನ್ನು ಹೆಗಲ ಮೇಲೆ ಹೊತ್ತರು. "ಮಾಡಿದವನಿಗೇ ಇಷ್ಟು ಹೊತ್ತು ಹಿಡೀತು ಅಂದ್ರೆ ಕಳ್ಳನ ಗತಿ ಏನ್ರೀ!" ಎಂದು ಚಿನ್ನದಂಗಡಿಯವರು ಅಲ್ಲೇ ಇನ್ನೊಂದು ಬೀಗ ಮಾಡಿಕೊಡಲು ಹೇಳಿದರು. "ನಮ್ಮ ದೊಡ್ಡ ಅಳಿಯಂದ್ರು!" ಎಂದರು ಅತ್ತೆ. ಷಡ್ಡಕನೂ ಕೈ ಕುಲುಕಿ, ಕುಲುಕಿದ ಕೈಯಲ್ಲೇ ವಿಮೆಯ ಮಾತು ತೆಗೆದ. ಹೆಗಲ ಮೇಲಿದ್ದ ಜಗ್ಗಣ್ಣನ ಮುಖ ಮಾತ್ರ ಗಲ್ಲಿಗೆ ಹೋಗುವವನದಂತಿತ್ತು.

ಏಕೆಂದರೆ ಬೀಗಗಳನ್ನು ಹಿಂದಕ್ಕೆ ತರಿಸುವುದು ಈಗ ಮೊದಲಿಗಿಂತ ಕಷ್ಟವಾಯಿತು. ಅವನು ಮನೆಮನೆಗೆ ಹೋಗಿ, "ಬೀಗ ಒಂದು ದಿನ ಕೊಡಿ, ಪುಕ್ಕಟೆ ಎಣ್ಣೆ ಬಿಟ್ಟು ಕೊಡ್ತೀನಿ" ಎಂದು ಬೇಡಿಕೊಂಡ. ಬದಲಿಗೆ ಬೇರೆ ಬೀಗ ಕೊಡುತ್ತೇನೆಂದ. "ಇಂಥ ಬೀಗಕ್ಕೆ ಎಣ್ಣೆ ಯಾಕ್ರೀ? ಒಂದು ದಿನವೂ ಬಿಟ್ಟಿರಲ್ಲ" ಎಂದು ಎಲ್ಲರೂ ನಕ್ಕು ಕಳಿಸಿದರು. ಅವನ ನಿದ್ದೆ ಹೋಯಿತು, ಮೈ ಇಳಿಯಿತು, ಅದನ್ನು ಕಂಡವರು, ಮೂರಾಟದ ಅಭ್ಯಾಸ ಜೋರಾಗಿದೆ ಎಂದುಕೊಂಡರು.

ಇಲ್ಲಿಗೆ ಟವೆಲಕ್ಕ ಕಥೆ ನಿಲ್ಲಿಸಿದಳು. ಮೆಟ್ಟಿಲ ಮೇಲೆ ಕುಳಿತವರು ನಗುತ್ತಿದ್ದರು. ಆದರೆ ಕನ್ನಡಿಯ ಮಾತು ಬಂದಾಗಿನಿಂದ ನಗು ಸ್ವಲ್ಪ ತೆಳ್ಳಗಾಗಿತ್ತು.

"ಸುಮ್ಮನೆ ಹೇಳ್ತೀಯಲ್ಲ" ಎಂದರು ಔಷಧಿ ಅಂಗಡಿಯವರು. "ನಾನೇ ಅಲ್ಲಿದ್ದೆ. ನನ್ನ ಕಿವಿಯಾರ ಕೇಳಿದೀನಿ. ಎಂಥಾ ಒದ್ದಾಟ ಅದು!"

ಟವೆಲಕ್ಕ ಹಿತ್ತಾಳೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ತಳ ಉಜ್ಜುವ ಬ್ರಷ್ಷನ್ನು ಹಿಡಿದುಕೊಂಡೇ ಅಂಗಳಕ್ಕೆ ನಡೆದಳು. ಕಂಬಿಯ ಮೇಲಿನ ಬೀಗವನ್ನು ಎಡಗೈಯಿಂದ ಜಗ್ಗಿ ಹಿಡಿದು, ಬ್ರಷ್ಷಿನ ಮರದ ಹಿಡಿಯಿಂದ ಅದರ ಪಕ್ಕೆಗೆ ಒಂದು ಕೊಟ್ಟಳು.

ಟಕ್.

ಸರಪಳಿ ಜಾರಿ ಅವಳ ಕಾಲ ಬುಡದಲ್ಲಿ ಸುರುಳಿಯಾಗಿ ಬಿತ್ತು.

"ಜಗ್ಗಣ್ಣನವರ ಹೆಂಡತಿ ಬಂದು ಹೇಳಿದ್ರು" ಎಂದಳು ಟವೆಲಕ್ಕ. "‘ಅಕ್ಕಾ, ಇವರು ಹೀಗೇ ಇದ್ರೆ ಉಳಿಯಲ್ಲ. ನಾನು ಹೇಳಿದ್ರೆ ಗಂಡನ ಮಾನ ಕಳೆದೆ ಅಂತಾರೆ. ನೀನಾದ್ರೂ ಕಥೆ ಅಂತ ಹೇಳಿಬಿಡು’ ಅಂತ. ಎಣ್ಣೆ ಬಿಡಿಸ್ಕೊಳ್ಳಿ ಅಂದಾಗ ನೀವು ಕೊಟ್ಟಿದ್ರೆ ಈ ಕಥೆ ಬೇಕಿತ್ತಾ? ಅಂಗಡಿ ಇನ್ನೂ ತೆಗೆದಿದೆ. ಸ್ಪ್ರಿಂಗು ಇಟ್ಕೊಂಡು ಕೂತಿದಾರೆ."

ಯಾರೂ ನಗಲಿಲ್ಲ. ಮೊದಲು ಎದ್ದವರು ಚಿನ್ನದಂಗಡಿಯವರು. "ಹೊತ್ತಾಯ್ತು" ಎಂದರು, ಆಕಾಶದಲ್ಲಿ ಇನ್ನೂ ಧಾರಾಳ ಬಿಸಿಲಿದ್ದರೂ. "ಹೌದು, ನನಗೂ ಒಂದು ಕೆಲಸ ಇದೆ" ಎಂದರು ಮುಖ್ಯೋಪಾಧ್ಯಾಯಿನಿ. ಔಷಧಿ ಅಂಗಡಿಯವರು ಜೇಬು ಮುಟ್ಟಿ ನೋಡಿಕೊಂಡರು. ಗೇಟಿನವರೆಗೆ ಎಲ್ಲರೂ ಮರ್ಯಾದೆಯಿಂದ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ನಡೆದರು. ಗೇಟು ದಾಟಿದ ಮೇಲೆ ಹೆಜ್ಜೆ ಚುರುಕಾಯಿತು. ಬೀದಿಯ ತಿರುವಿನಲ್ಲಿ ಚಿನ್ನದಂಗಡಿಯವರು ತಮ್ಮ ತೂಕವನ್ನು ಮರೆತು ಓಡತೊಡಗಿದರು. ಅವರ ಹಿಂದೆ ಉಳಿದವರು. ಚಪ್ಪಲಿಗಳ ಸದ್ದು ಅವರವರ ಬೀಗಗಳ ಕಡೆಗೆ ಚದುರುತ್ತ ಹೋಯಿತು. ಟವೆಲಕ್ಕ ಕೀಲಿಯನ್ನು ಸೋಪಿನ ಗೂಡಿನಲ್ಲಿಟ್ಟು, ಗೂಡಿನ ಬೀಗವನ್ನು ಕಿತ್ತುಕೊಂಡು, ಸಾವಕಾಶವಾಗಿ ಪೇಟೆಬೀದಿಯ ತಿರುವಿನ ಅಂಗಡಿಯ ಕಡೆ ಹೊರಟಳು.